ಬಿಬವೇವಾಡಿಯ ಚಲನ್ ದಾರಿ

ಪುಣೆಯ ದಕ್ಷಿಣಕ್ಕಿರುವ ಬಿಬವೇವಾಡಿಯ ಸ್ಕೂಟರ್ ಸವಾರರಿಗೆ ದಂಡದ ನೋಟಿಸ್, ಅಂದರೆ ಚಲನ್, ಈಗ ಮೊಬೈಲಿಗೇ ಬರುತ್ತದೆ. ಹಿಂದೆ ಪೊಲೀಸರು ಗಾಡಿ ತಡೆದು, ಲೈಸೆನ್ಸ್ ಇಸಿದುಕೊಂಡು ರಸೀದಿ ಹರಿಯುತ್ತಿದ್ದರು. ಒಪ್ಪದವರು ಕೋರ್ಟಿಗೆ ಅಲೆಯಬೇಕಿತ್ತು.

1939ರ ಮೋಟಾರು ವಾಹನ ಕಾಯ್ದೆಯ ಜಾಗಕ್ಕೆ 1988ರದ್ದು ಬಂತು. ಅದರ 200ನೇ ಕಲಮು ಸಣ್ಣ ತಪ್ಪುಗಳನ್ನು ಕೋರ್ಟಿನ ಹೊರಗೇ ದಂಡ ಕಟ್ಟಿ ಮುಗಿಸಲು ಬಿಟ್ಟಿತು. 208ನೆಯದು ತಪ್ಪೊಪ್ಪಿಗೆಯನ್ನು ಅಂಚೆಯಲ್ಲಿ ಕಳಿಸುವ ಅವಕಾಶವನ್ನೂ ಕೊಟ್ಟಿತು. ಕೂಲಿ ಬಿಟ್ಟು ಕಟಕಟೆಗೆ ಬರಲಾಗದವರಿಗೆ ಇದು ನಿಜವಾದ ಉಪಕಾರ.

2019ರ ಜನವರಿ 1ರಿಂದ ಪುಣೆಯಲ್ಲಿ ಹೆಲ್ಮೆಟ್ ಕಡ್ಡಾಯ ಬಿಗಿಯಾದಾಗ ಜನ ಬೀದಿಗಿಳಿದು ವಿರೋಧಿಸಿದರು. ಚಲನ್‌ಗಳು ಮಾತ್ರ ನಿಲ್ಲಲಿಲ್ಲ.

ಮಹಾರಾಷ್ಟ್ರದ ಇ-ಚಲನ್ ತಾಣದಲ್ಲಿ ವಾಹನ ಸಂಖ್ಯೆ, ಚಾಸಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಕೊಟ್ಟರೆ ಬಾಕಿ ತೆರೆದುಕೊಳ್ಳುತ್ತದೆ. ತಕರಾರಿದ್ದವರು ಮೊದಲು ಚಲನ್ನಿನ ಚಿತ್ರ ನೋಡಬೇಕು: ನಂಬರ್ ಪ್ಲೇಟ್ ತಮ್ಮದೇ, ಜಾಗ, ಹೊತ್ತು ಸರಿಯೇ? 2021ರ ಆಗಸ್ಟ್‌ನ ಕೇಂದ್ರ ನಿಯಮದಂತೆ ತಪ್ಪು ನಡೆದ 15 ದಿನಗಳೊಳಗೆ ನೋಟಿಸ್ ಹೋಗಬೇಕು. ಸವಾರನಿಗೆ ಸಿಕ್ಕಿರುವ ದೊಡ್ಡ ರಕ್ಷಣೆ ಇದು. ತಿಂಗಳುಗಳ ಮೇಲೆ ತಿಳಿದರೆ ಆ ದಿನದ ಸಾಕ್ಷಿ ಹುಡುಕುವುದು ಕಷ್ಟ.

ಕಟ್ಟದೆ ಉಳಿದ ಚಲನ್‌ಗಳು ರಾಜಿಯಲ್ಲಿ ವ್ಯಾಜ್ಯ ತೀರಿಸುವ ಲೋಕ ಅದಾಲತ್‌ಗೆ ಬರುತ್ತವೆ. ಪುಣೆಯವರಿಗೆ ಅದು ನಡೆಯುವುದು ಶಿವಾಜಿನಗರದ ಜಿಲ್ಲಾ ನ್ಯಾಯಾಲಯದಲ್ಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಅಲ್ಲಿನ ತೀರ್ಮಾನಕ್ಕೆ ಮೇಲ್ಮನವಿಯಿಲ್ಲ. ಬಾಕಿ ತೀರಿಸುವ ಇನ್ನೊಂದು ದಾರಿ ರಿಯಾಯಿತಿ: ಬೆಂಗಳೂರಿನಲ್ಲಿ 2023ರ ಫೆಬ್ರವರಿಯಲ್ಲಿ ಹಳೆ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟಾಗ ಕೆಲವೇ ದಿನಗಳಲ್ಲಿ 100 ಕೋಟಿ ರೂಪಾಯಿಗೂ ಮಿಕ್ಕಿ ಜಮೆಯಾಯಿತು.