ನೋಂದಣಿ ಪುಸ್ತಕದಿಂದ ಮೇಘರಾಜನವರೆಗೆ

ನಮ್ಮ ಕಲ್ಯಾಣ-ಡೊಂಬಿವಲಿ ಕಡೆಯವರಿಗೆ ಮೋಡವೆಂದರೆ ಜೂನ್ ತಿಂಗಳಿನಲ್ಲಿ ಬಂದು ಲೋಕಲ್ ಗಾಡಿಗಳನ್ನು ನಿಲ್ಲಿಸುವಂಥದು. ಹೀಗಿರುವಾಗ, "ಮುನಿಸಿಪಾಲಿಟಿಗಳ ದಾಖಲೆಗಳೆಲ್ಲ ಈಗ ಕ್ಲೌಡ್‌ಗೆ ಹೋಗುತ್ತಿವೆ" ಎಂದು ನೆರೆಮನೆಯ ಹುಡುಗನೊಬ್ಬ ಹೇಳಿದಾಗ, ಊರಿನಿಂದ ಬಂದಿದ್ದ ನನ್ನ ತಾಯಿ "ಅಲ್ಲಿ ಮಳೆಗೆ ನೆನೆಯುವುದಿಲ್ಲವೇನೋ?" ಎಂದು ಕೇಳಿಬಿಟ್ಟರು. ಮನೆಮಂದಿಯೆಲ್ಲ ನಕ್ಕೆವು. ರಾತ್ರಿ ಮಲಗಿದ ಮೇಲೆ ಆ ಪ್ರಶ್ನೆ ನಗುವಂಥದಲ್ಲವೆಂದು ನನಗೆ ತೋರಿತು. ಇಪ್ಪತ್ತು ವರ್ಷ ಕೇಂದ್ರ ಸರ್ಕಾರದ ದಫ್ತರದಲ್ಲಿ ಕಡತ ಕಟ್ಟಿ ಬಿಚ್ಚಿದ ಗುಮಾಸ್ತನಿಗೆ, ಕಾಗದ ಎಲ್ಲಿದೆ, ಯಾರ ವಶದಲ್ಲಿದೆ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಇರಲಾರದು.

ನೆನೆಯುವ ಮಾತಿಗೆ ಬಂದರೆ 2005ರ ಜುಲೈ 26ನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಇತ್ತ ಉಲ್ಲಾಸ ನದಿ ದಂಡೆ ಮೀರಿ ಬದ್ಲಾಪುರ, ಕಲ್ಯಾಣಗಳ ತಗ್ಗಿನ ಬಡಾವಣೆಗಳನ್ನು ಹೊಕ್ಕಿತು. ಕೆಳಮಹಡಿಯಲ್ಲಿದ್ದ ಎಷ್ಟೋ ಸಂಸಾರಗಳ ರೇಷನ್ ಕಾರ್ಡು, ಮಕ್ಕಳ ಶಾಲೆಯ ಸರ್ಟಿಫಿಕೇಟು, ಮನೆಯ ಕರಾರುಪತ್ರ ಎಲ್ಲವೂ ಕೆಸರಿನ ಮುದ್ದೆಯಾದವು. ಇನ್ನು ಬೆಂಕಿಯ ಮಾತು. 2012ರ ಜೂನ್ 21ರಂದು ಮುಂಬಯಿಯ ಮಂತ್ರಾಲಯಕ್ಕೆ (ರಾಯರ ಮಂತ್ರಾಲಯವಲ್ಲ, ರಾಜ್ಯದ ಸಚಿವಾಲಯ) ಬೆಂಕಿ ಬಿದ್ದು ಮೇಲಿನ ಮಹಡಿಗಳು ಹೊತ್ತಿ ಉರಿದವು. ಪ್ರಾಣಹಾನಿಯೂ ಆಯಿತು, ಹಲವು ಇಲಾಖೆಗಳ ಕಡತಗಳು ಬೂದಿಯಾದವು. ಕಾಗದವಿಲ್ಲದ ಕಚೇರಿಯ ಮಾತಿಗೆ ಮಹಾರಾಷ್ಟ್ರದಲ್ಲಿ ನಿಜವಾದ ಒತ್ತು ಬಂದದ್ದು ಆ ಬೂದಿಯ ಮೇಲೆ ನಿಂತು ನೋಡಿದಾಗ.

ಇಷ್ಟಕ್ಕೂ ಮುನಿಸಿಪಾಲಿಟಿಯ ಪುಸ್ತಕದಲ್ಲಿ ನಮ್ಮಂಥವರಿಗೆ ಏನಿದೆ ಎಂದು ಯಾರಾದರೂ ಕೇಳಬಹುದು. ಊರಿನಲ್ಲಿದ್ದವನಿಗೆ ಹೊಲದ ಪಹಣಿಯಿದೆ, ಮನೆತನದ ಹೆಸರಿದೆ, ಇಂಥವರ ಮಗನೆಂದು ಹೇಳಬಲ್ಲ ನಾಲ್ಕು ಹಿರಿಯರಿದ್ದಾರೆ. ಹೊಟ್ಟೆಪಾಡಿಗೆ ಬಂದು ಚಾಳಿನ ಒಂದು ಕೋಣೆಯಲ್ಲಿ ಸಂಸಾರ ಹೂಡಿದವನಿಗೆ ಇಲ್ಲಿಯ ಸಾಕ್ಷಿಯೆಂದರೆ ಮಗುವಿನ ಜನನದ ನೋಂದಣಿ ಮತ್ತು ಮನೆಪಟ್ಟಿಯ ರಸೀದಿ, ಇವೆರಡೇ. ಈಗಂತೂ ಅದರ ತೂಕ ಹೆಚ್ಚಿದೆ. 1969ರ ಜನನ ಮರಣ ನೋಂದಣಿ ಕಾಯಿದೆಗೆ 2023ರಲ್ಲಿ ತಿದ್ದುಪಡಿಯಾಗಿ, ಆ ವರ್ಷದ ಅಕ್ಟೋಬರ್ 1ರಿಂದ ಮುಂದೆ ಹುಟ್ಟಿದವರಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ವಿವಾಹ ನೋಂದಣಿ, ಸರ್ಕಾರಿ ನೌಕರಿ ಮೊದಲಾದವಕ್ಕೆಲ್ಲ ಜನನ ಪ್ರಮಾಣಪತ್ರವೇ ಹುಟ್ಟಿದ ದಿನದ ಮತ್ತು ಊರಿನ ಆಧಾರ.

ಈ ಪುಸ್ತಕಗಳ ಚರಿತ್ರೆ ಉದ್ದವಾದದ್ದು. ರೈಲು ಕಲ್ಯಾಣವನ್ನು ಮುಟ್ಟಿದ್ದು 1854ರಲ್ಲಿ. ನಗರಸಭೆಗಳು ಬಂದದ್ದೂ ಸುಮಾರಾಗಿ ಅದೇ ಕಾಲದಲ್ಲಿ. ಅಂದಿನ ಮರಾಠಿ ದಫ್ತರದ ಬರಹವೆಲ್ಲ ಮೋಡಿ ಲಿಪಿಯಲ್ಲಿ, ಲೇಖನಿ ಎತ್ತದೆ ಓಡಿಸುವ ಬರಹ. ಧಾರವಾಡ, ಬೆಳಗಾವಿ ಕಡೆಯ ಹಳೆಯ ಮನೆತನಗಳಲ್ಲೂ ಮೋಡಿಯ ಕಾಗದಗಳು ಇಂದಿಗೂ ಸಿಕ್ಕುತ್ತವೆ, ಓದಬಲ್ಲವರು ಸಿಕ್ಕುವುದಿಲ್ಲ. ಕಾಗದ ನೆನೆದಿಲ್ಲ, ಸುಟ್ಟಿಲ್ಲ, ಗೆದ್ದಲು ತಿಂದಿಲ್ಲ. ಆದರೂ ಅದು ಇದ್ದೂ ಇಲ್ಲದಂತೆ. ಮೋಡಿಯಿಂದ ಮೋಡಕ್ಕೆ ಹೋಗುವ ಈ ಹಾದಿಯಲ್ಲಿ ನಾನು ಕಂಡುಕೊಂಡ ಮೊದಲ ಪಾಠ ಇದು. ದಾಖಲೆಯನ್ನು ಕಾಪಾಡಿದರೆ ಸಾಲದು, ಅದನ್ನು ಓದಬಲ್ಲ ಉಪಾಯವನ್ನೂ ಕಾಪಾಡಬೇಕು. ಫ್ಲಾಪಿ ಡಿಸ್ಕಿನಲ್ಲಿ ಲೆಕ್ಕ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಠಾಣೆ ಮಹಾನಗರಪಾಲಿಕೆ 1982ರ ಅಕ್ಟೋಬರ್ 1ರಂದು, ಕಲ್ಯಾಣ-ಡೊಂಬಿವಲಿಯದು ಮರುವರ್ಷ ಅದೇ ದಿನ, ನವಿ ಮುಂಬಯಿಯದು 1992ರ ಜನವರಿ 1ರಂದು ಹುಟ್ಟಿದವು. ಒಂದೊಂದು ಹುಟ್ಟಿನಲ್ಲೂ ಹಳೆಯ ನಗರಸಭೆ, ಗ್ರಾಮ ಪಂಚಾಯತಿಗಳ ಪುಸ್ತಕಗಳು ಗೋಣಿಚೀಲದಲ್ಲಿ ಕುಳಿತು ಪ್ರಯಾಣ ಮಾಡಿರಬೇಕು. ಕಲ್ಯಾಣದ ಸುತ್ತಣ 27 ಹಳ್ಳಿಗಳ ಕಥೆಯನ್ನೇ ನೋಡಿ. ಪಾಲಿಕೆಗೆ ಸೇರಿದ್ದವು 2002ರಲ್ಲಿ ಹೊರಬಿದ್ದವು, 2015ರಲ್ಲಿ ಮತ್ತೆ ಒಳಬಂದವು. ಹಳ್ಳಿ ಇದ್ದಲ್ಲೇ ಇರುತ್ತದೆ, ತಿರುಗಾಡುವುದು ಪುಸ್ತಕ.

ಕಂಪ್ಯೂಟರಿನ ವಿಷಯದಲ್ಲಿ ಕಲ್ಯಾಣ-ಡೊಂಬಿವಲಿ ಹಿಂದುಳಿದ ಊರಲ್ಲ; ರಸ್ತೆಯ ಗುಂಡಿಗಳನ್ನು ನೋಡಿದವರಿಗೆ ನಂಬಿಕೆ ಬಾರದಿದ್ದರೂ ಸತ್ಯ. ಈ ಶತಮಾನದ ಆರಂಭದಲ್ಲಿಯೇ ಅಲ್ಲಿ ನಾಗರಿಕ ಸುವಿಧಾ ಕೇಂದ್ರ ತೆರೆದು, ಮನೆಪಟ್ಟಿ, ನೀರಿನ ಬಿಲ್ಲು, ಜನನ ಪ್ರಮಾಣಪತ್ರಗಳನ್ನು ಒಂದೇ ಕಿಟಕಿಯಲ್ಲಿ ಕಂಪ್ಯೂಟರಿನಿಂದ ಕೊಡತೊಡಗಿದರು. ರಾಜ್ಯದ ಬೇರೆ ನಗರಸಭೆಗಳು ಅದನ್ನೇ ಮಾದರಿಯಾಗಿ ಹಿಡಿದವು. ಅದೇ ವೇಳೆಗೆ ನಮ್ಮ ಕರ್ನಾಟಕದಲ್ಲಿ 'ಭೂಮಿ' ಯೋಜನೆ ನಡೆದಿತ್ತು. ರಾಜೀವ್ ಚಾವ್ಲಾ ಎಂಬ ಅಧಿಕಾರಿಯ ಮುಂದಾಳುತನದಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕನ್ನಡದಲ್ಲೇ ಕಂಪ್ಯೂಟರಿಗೆ ಏರಿಸಿದರು. 177 ತಾಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಪಹಣಿ ಸಿಗುವಂತಾಯಿತು. ಕೈಬರಹದ ಪಹಣಿ ನಡೆಯದೆಂದು ಸರ್ಕಾರ ಸಾರಿತು. ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ಬೀಗದ ಕೈ ಅಂದಿಗೆ ಹೋಯಿತು. ಮೆಚ್ಚತಕ್ಕ ಕೆಲಸ, ಸಂಶಯವಿಲ್ಲ. ಆದರೆ ಒಂದು ಸೂಕ್ಷ್ಮವಿದೆ. ಕಂಪ್ಯೂಟರಿಗೆ ಏರಿದ್ದು ಹಳೆಯ ಪುಸ್ತಕದಲ್ಲಿದ್ದುದೇ, ಅದರ ತಪ್ಪುಗಳ ಸಮೇತ. ಮೇಲೆ ಬೆರಳಚ್ಚಿನ ತಪ್ಪುಗಳು ಬೇರೆ. ಎಷ್ಟೇ ದೊಡ್ಡ ಯಂತ್ರವಾದರೂ ಆರಂಭವಾಗುವುದು ಒಬ್ಬ ಮನುಷ್ಯ ಒಂದು ಸಾಲನ್ನು ನೋಡಿ ಇನ್ನೊಂದು ಕಡೆ ಬರೆಯುವುದರಿಂದ.

ಇನ್ನು ಈ ಕ್ಲೌಡ್. ಹೆಸರು ದೊಡ್ಡದು, ಸಂಗತಿ ಸರಳ. ಪಾಲಿಕೆ ತನ್ನ ಕಟ್ಟಡದಲ್ಲೇ ಕಂಪ್ಯೂಟರು ಕೊಂಡು, ಹವಾನಿಯಂತ್ರಣ ಹಾಕಿಸಿ, ಐದಾರು ವರ್ಷಕ್ಕೆ ಅದು ಹಳತಾದಾಗ ಮತ್ತೆ ಟೆಂಡರು ಕರೆಯುವ ಬದಲು, ಬೇರೆಡೆಯ ದೊಡ್ಡ ಯಂತ್ರಾಗಾರದಲ್ಲಿ ಬೇಕಾದಷ್ಟು ಜಾಗವನ್ನು ಬಾಡಿಗೆಗೆ ಹಿಡಿಯುವುದು. ಮಾರ್ಚ್ ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ಮನೆಪಟ್ಟಿ ಕಟ್ಟಲು ನುಗ್ಗಿದಾಗ ಹೆಚ್ಚು ಬಲ ಪಡೆಯಬಹುದು, ಏಪ್ರಿಲಿನಲ್ಲಿ ಬಿಟ್ಟುಕೊಡಬಹುದು. ಮದುವೆಗೆ ಪಾತ್ರೆ ಬಾಡಿಗೆಗೆ ತಂದಂತೆ. ಕೇಂದ್ರ ಸರ್ಕಾರ ಇದಕ್ಕೆ 'ಮೇಘರಾಜ' ಎಂದು ಹೆಸರಿಟ್ಟು 2013ರಲ್ಲಿ ನೀತಿಯನ್ನು ಪ್ರಕಟಿಸಿತು. 2014ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಮಾಹಿತಿ ಕೇಂದ್ರದ ಮೋಡ ಕೆಲಸಕ್ಕೆ ತೊಡಗಿತು. 2018ರ ಜನವರಿಯಲ್ಲಿ ಮಹಾರಾಷ್ಟ್ರ, ಸರ್ಕಾರದ ಮಾಹಿತಿಯನ್ನು ಖಾಸಗಿ ಕಂಪೆನಿಗಳ ಮೋಡದಲ್ಲೂ ಇಡಬಹುದೆಂಬ ನೀತಿಯನ್ನು ತಂದಿತು.

ಆ ಮೋಡ ಇರುವುದು ಆಕಾಶದಲ್ಲಲ್ಲ. ಅದನ್ನು ನೋಡಲು ದೂರ ಹೋಗಬೇಕಾಗಿಯೂ ಇಲ್ಲ. ಠಾಣೆಯಿಂದ ವಾಶಿಯ ಗಾಡಿ ಹತ್ತಿದರೆ ಸಾಕು. ಐರೋಲಿ, ರಬಾಲೆ, ಮಹಾಪೆಯ ಸುತ್ತ, ಒಂದು ಕಾಲಕ್ಕೆ ರಾಸಾಯನಿಕ ಕಾರ್ಖಾನೆಗಳ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದ ಪಟ್ಟಿಯಲ್ಲಿ, ಇಂದು ದೊಡ್ಡ ದೊಡ್ಡ ಡೇಟಾ ಸೆಂಟರುಗಳು ಎದ್ದಿವೆ. ಸಮುದ್ರದಡಿಯ ತಂತಿಗಳು ಮುಂಬಯಿಯಲ್ಲಿ ದಡ ಸೇರುವುದರಿಂದಲೂ ಇಲ್ಲಿ ವಿದ್ಯುತ್ತಿನ ಪೂರೈಕೆ ನೆಚ್ಚುವಂತಿರುವುದರಿಂದಲೂ ದೇಶದ ಇಂಥ ಯಂತ್ರಾಗಾರಗಳ ಅತಿ ದೊಡ್ಡ ಪಾಲು ನಮ್ಮ ಈ ಪ್ರದೇಶದಲ್ಲೇ ಇದೆ. ಅಲ್ಲಿ ಕಾವಲು ಕಾಯುವವರೂ, ಪಾಳಿಯ ಮೇಲೆ ತಂತಿ ಜೋಡಿಸುವವರೂ ನಮ್ಮ ನಿಮ್ಮ ಕಟ್ಟಡಗಳಿಂದಲೇ ಡಬ್ಬಿ ಹಿಡಿದು ಹೋಗುವ ಹುಡುಗರು.

ಹಾಗಾದರೆ ತಾಯಿಯ ಪ್ರಶ್ನೆಗೆ ಉತ್ತರ? ಮಳೆಗೆ ನೆನೆಯದಿರಬಹುದು, ಸುಡಬಹುದು. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜೋನ್ ನಗರದಲ್ಲಿ ಸರ್ಕಾರಿ ಡೇಟಾ ಸೆಂಟರಿಗೆ ಬ್ಯಾಟರಿಯಿಂದ ಬೆಂಕಿ ಹತ್ತಿ, ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ಮೋಡವೇ ನಾಶವಾಯಿತು. 858 ಟೆರಾಬೈಟ್ ಮಾಹಿತಿ; ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರುವ ದೇಶ! ನಮ್ಮ ಶಾನುಭೋಗರಾದರೂ ಒಂದು ಪ್ರತಿಯನ್ನು ಮನೆಯಲ್ಲಿಟ್ಟು ಇನ್ನೊಂದನ್ನು ಕಚೇರಿಗೆ ಕಳಿಸುತ್ತಿದ್ದರು.

ಆದರೆ ನನಗೆ ಸ್ವಂತದಲ್ಲಿ ತಟ್ಟಿದ್ದು ಬೆಂಕಿಯೂ ಅಲ್ಲ, ನೀರೂ ಅಲ್ಲ. ಮಗಳ ಪಾಸ್‌ಪೋರ್ಟಿಗೆಂದು ಜನನ ಪ್ರಮಾಣಪತ್ರದ ಹೊಸ ಪ್ರತಿ ತೆಗೆಸಿದೆ. ಯಾವ ಕಚೇರಿ ಎಂಬುದು ಬೇಡ. ಇಲ್ಲಿಯ ಪದ್ಧತಿಯಂತೆ ಅರ್ಜಿಯಲ್ಲಿ ಮೂರು ಮನೆಗಳು: ಹೆಸರು, ತಂದೆಯ ಹೆಸರು, ಅಡ್ಡಹೆಸರು. ನಮಗೋ ಅಡ್ಡಹೆಸರೇ ಇಲ್ಲ. ನನ್ನ ಹೆಸರಿನ ಹಿಂದೆ ನನ್ನ ತಂದೆಯ ಹೆಸರಿದೆ, ಅಷ್ಟೆ. ಹಳೆಯ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿದ ಪುಣ್ಯಾತ್ಮ, ನನ್ನ ತಂದೆಯ ಹೆಸರನ್ನು ನಡುವಿನ ಮನೆಗೂ ನನ್ನ ಹೆಸರನ್ನು ಕೊನೆಯ ಮನೆಗೂ ತುಂಬಿದ್ದ. ಕಂಪ್ಯೂಟರಿನ ಪ್ರಕಾರ ನನ್ನ ಮಗಳು ನನಗೆ ತಂಗಿಯಾಗಿದ್ದಳು! ಇಂಥ ಅವಸ್ಥೆ ನಮ್ಮ ವಾಚಕರಲ್ಲಿ ಹಲವರ ಮನೆಯಲ್ಲಿ ನಡೆದಿದೆಯೆಂದು ಬಲ್ಲೆ. ಇನ್ನೂ ಪ್ರತಿ ತೆಗೆಸಿ ನೋಡದವರು ಒಮ್ಮೆ ತೆಗೆಸಿ ನೋಡುವುದು ಒಳ್ಳೆಯದು.

ಮೂರು ಸಲ ರಜೆ ಹಾಕಿ ಅಲೆದೆ. ಕೊನೆಗೆ ವಯಸ್ಸಾದ ಮರಾಠಿ ಗುಮಾಸ್ತರೊಬ್ಬರು ಕಬ್ಬಿಣದ ಕಪಾಟಿನಿಂದ ಮೂಲ ಪುಸ್ತಕವನ್ನು ಹೊರತೆಗೆದರು. ಅದರಲ್ಲಿ ತಂದೆಯೆಂದು ನನ್ನ ಹೆಸರೇ ಇತ್ತು, ಆದರೆ ಒಂದು ಅಕ್ಷರ ತಪ್ಪಿತ್ತು. 1969ರ ಕಾಯಿದೆಯ 15ನೆಯ ಕಲಮಿನಂತೆ, ಮೂಲ ಸಾಲನ್ನು ಹೊಡೆದುಹಾಕದೆ, ಪಕ್ಕದ ಅಂಚಿನಲ್ಲಿ ಸರಿಯಾದುದನ್ನು ಬರೆದು, ನೋಂದಣಾಧಿಕಾರಿ ಸಹಿ ಮಾಡಿ ತಾರೀಖು ಹಾಕಬೇಕು. ಹಾಗೆಯೇ ಮಾಡಿಸಿಕೊಟ್ಟರು. ತಪ್ಪು ಏನಿತ್ತು, ಯಾರು ತಿದ್ದಿದರು, ಎಂದು ತಿದ್ದಿದರು ಎಂಬುದು ಒಂದೇ ಪುಟದಲ್ಲಿ ಯಾರಿಗಾದರೂ ಕಾಣುವಂತಾಯಿತು. ಅನಂತರ ಅವರು ಕಂಪ್ಯೂಟರಿನಲ್ಲಿಯೂ ಸರಿಪಡಿಸಿದರು. ಹಳೆಯದು ಮಾಯವಾಗಿ ಹೊಸದು ಬಂದಿತು.

"ಇದರಲ್ಲಿ ತಿದ್ದಿದ ಗುರುತು ಎಲ್ಲಿ ಕಾಣುತ್ತದೆ?" ಎಂದು ಕೇಳಿದೆ.

"ಒಳಗೆ ಎಲ್ಲೋ ಇರುತ್ತದೆ, ಸಾಹೇಬರಿಗೆ ಕಾಣುತ್ತದೆ" ಎಂದು ಹೇಳಿ ಅವರು ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು.