ಹಾಲಿನ ಮೇಲಿನ ನೀಲಿ ಉಂಗುರ

ಹಸು ಕಂದು ಹಾಕಿತೆಂದರೆ ದೃಷ್ಟಿ ತಾಗಿರಬೇಕೆಂದು ನಮ್ಮ ಹಿರಿಯರು ಮರುಗುತ್ತಿದ್ದರು. ಕಂದು ಹಾಕಲು ಕಾರಣಗಳು ಹಲವು. ಅವುಗಳಲ್ಲೊಂದು ಬ್ರುಸೆಲ್ಲೋಸಿಸ್, ಅಂದರೆ ಕಂದು ರೋಗ. ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ ಅವರು 1897ರಲ್ಲಿ ಲೋಕಕ್ಕೆ ತಿಳಿಸಿದರು.

ಈ ರೋಗದ ಕಪಟವೆಂದರೆ, ಸೋಂಕು ತಗುಲಿದ ಹಸು ಸಾಮಾನ್ಯವಾಗಿ ಒಮ್ಮೆ ಮಾತ್ರ ಕಂದು ಹಾಕುತ್ತದೆ. ಮುಂದಿನ ಸಲ ಕರು ಈಯುತ್ತದೆ, ಹಾಲನ್ನೂ ಕೊಡುತ್ತದೆ. ಆದರೂ ಮಾಸಿನಲ್ಲಿ, ಹಾಲಿನಲ್ಲಿ ರೋಗಾಣು ಹೊರಬೀಳುತ್ತಿರಬಹುದು. ಕಣ್ಣಿಗೆ ಕಾಣದ ಈ ಗುಟ್ಟನ್ನು ರಕ್ತಪರೀಕ್ಷೆಯೇ ಹೇಳಬೇಕು.

ಹಸುವಿನ ಈ ರೋಗಾಣುವಿಗೂ, ಮನುಷ್ಯರ ಮಾಲ್ಟಾ ಜ್ವರಕ್ಕೆ ಕಾರಣವೆಂದು 1887ರಲ್ಲಿ ಡೇವಿಡ್ ಬ್ರೂಸ್ ಗುರುತಿಸಿದ್ದ ರೋಗಾಣುವಿಗೂ ನಿಕಟ ಸಂಬಂಧವಿದೆಯೆಂದು ಅಮೆರಿಕದ ಆಲಿಸ್ ಇವಾನ್ಸ್ 1918ರಲ್ಲಿ ಬರೆದರು. ಹಸಿ ಹಾಲು ಅಪಾಯಕಾರಿಯೆಂದು ಎಚ್ಚರಿಸಿದರು. ಡಾಕ್ಟರೇಟ್ ಇಲ್ಲದ ಮಹಿಳೆಯ ಮಾತನ್ನು ವಿದ್ವಾಂಸರು ಬಹುಕಾಲ ನಂಬಲಿಲ್ಲ. (ಪದವಿ ನೋಡಿ ಮಾತನ್ನು ತೂಗುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ!) 1922ರಲ್ಲಿ ಆಕೆಗೇ ಆ ಜ್ವರ ತಗುಲಿ ವರ್ಷಾನುಗಟ್ಟಲೆ ಕಾಡಿತು.

1934ರಲ್ಲಿ ಅಮೆರಿಕದಲ್ಲಿ ಭೀಕರ ಬರ. ಮೇವಿಲ್ಲದೆ ದನಗಳ ಸಂಖ್ಯೆಯನ್ನು ತಗ್ಗಿಸಬೇಕಾಗಿದ್ದ ಆ ಸಂದರ್ಭದಲ್ಲಿಯೇ ಸರ್ಕಾರವು ಹಿಂಡುಗಳ ರಕ್ತಪರೀಕ್ಷೆಯನ್ನು ಆರಂಭಿಸಿತು. ಸೋಂಕಿತ ಹಸುಗಳನ್ನು ಕೊಂದು ಒಡೆಯನಿಗೆ ಪರಿಹಾರ ನೀಡಲಾಯಿತು. ನೋಡಲು ಗಟ್ಟಿಮುಟ್ಟಾಗಿರುವ, ಹಾಲು ಕರೆಯುತ್ತಿರುವ ಹಸುವನ್ನು ಪರೀಕ್ಷೆಯ ಒಂದು ಹನಿಯನ್ನು ನಂಬಿ ಒಪ್ಪಿಸಿಬಿಡುವುದೆಂದರೆ ರೈತನಿಗೆ ಎಂತಹ ಸಂಕಟ!

ಒಂದೊಂದು ಹಸುವಿನ ರಕ್ತ ತೆಗೆಯುವುದು ಶ್ರಮದ ಕೆಲಸ. 1937ರಲ್ಲಿ ಜರ್ಮನಿಯಲ್ಲಿ ಒಂದು ಸೊಗಸಾದ ಉಪಾಯ ಹೊಳೆಯಿತು. ಬಣ್ಣ ಹಚ್ಚಿದ ಸತ್ತ ರೋಗಾಣುಗಳನ್ನು ಹಾಲಿಗೆ ಬೆರೆಸುವುದು. ಹಾಲಿನಲ್ಲಿ ಪ್ರತಿಕಾಯಗಳಿದ್ದರೆ ಅವು ಆ ರೋಗಾಣುಗಳನ್ನು ಹಿಡಿದು ಕೆನೆಯ ಕಣಗಳಿಗೆ ಅಂಟಿಸುತ್ತವೆ. ಕೆನೆ ಮೇಲೇರಿದಾಗ ನಳಿಕೆಯ ತುದಿಯಲ್ಲಿ ನೀಲಿ ಉಂಗುರ ಮೂಡುತ್ತದೆ. ಡೈರಿಗೆ ಬಂದ ಒಂದು ಕ್ಯಾನಿನ ಹಾಲು ಇಡೀ ಹಿಂಡಿನ ಸುದ್ದಿ ಹೇಳಿತು. ಉಂಗುರ ಕಂಡ ಕೊಟ್ಟಿಗೆಯಲ್ಲಿ ಮಾತ್ರ ಪ್ರತಿಯೊಂದು ಹಸುವಿನ ರಕ್ತ ನೋಡಿದರಾಯಿತು. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿಯೂ ಮಾಡಬಹುದಾಗಿದ್ದಷ್ಟು ಸರಳ ವಿಧಾನವೆಂದು ನನಗೆ ಬೆರಗು.

ಬಹುತೇಕ ರಾಜ್ಯಗಳಲ್ಲಿ ಗೋಹತ್ಯೆಗೆ ನಿರ್ಬಂಧವಿರುವ ಭಾರತದಲ್ಲಿ ಅಮೆರಿಕದ ಮಾರ್ಗ ಕಠಿಣ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಲಸಿಕೆ ಹಾಕಲಾಗುತ್ತದೆ. ಬೆಳೆದ ಹಸುವಿಗೆ ಆ ಲಸಿಕೆ ಹಾಕಿದರೆ ಅದರ ರಕ್ತವೂ ಸೋಂಕಿತ ಹಸುವಿನ ರಕ್ತದಂತೆಯೇ ತೋರಿ ಪರೀಕ್ಷೆ ಗೊಂದಲಕ್ಕೀಡಾಗುತ್ತದೆ. ಆದರೆ ಈಗಾಗಲೇ ಸೋಂಕು ತಗುಲಿದ ಹಸು ಕೊಟ್ಟಿಗೆಯಲ್ಲಿಯೇ ಉಳಿಯುತ್ತದೆ. ಹಸು ಸಾಕಿರುವ ಬಂಧುಗಳು ಕಂದನ್ನಾಗಲಿ ಮಾಸನ್ನಾಗಲಿ ಬರಿಗೈಯಲ್ಲಿ ಮುಟ್ಟದೆ ಸುಣ್ಣ ಹಾಕಿ ಆಳವಾಗಿ ಹೂಳಿರಿ, ಪಶುವೈದ್ಯರಿಂದ ಹಸುವಿನ ರಕ್ತಪರೀಕ್ಷೆ ಮಾಡಿಸಿರಿ.