ಕ್ಯಾಲ್ಕುಲೇಟರ್ ಒತ್ತುತ್ತಾ ಕೂತಿದ್ದ ಆ ಮನುಷ್ಯ

(1/6)
ಬೆಳಗ್ಗೆ ಸಾಗರ–ಶಿವಮೊಗ್ಗ ಬಸ್ ಹತ್ತೋರಿಗೆ ಈ ದೃಶ್ಯ ಚೆನ್ನಾಗಿ ಗೊತ್ತು. ಆನಂದಪುರ ದಾಟೋ ಹೊತ್ತಿಗೆ ಅರ್ಧ ಬಸ್ಸಿಗೆ ನಿದ್ದೆ, ಉಳಿದರ್ಧಕ್ಕೆ ಮೊಬೈಲ್. ಅದರಲ್ಲಿ ಆಟ ಆಡೋರು ನಮ್ಮ ವಯಸ್ಸಿನೋರು ಮಾತ್ರ ಅಲ್ಲ ಕಣ್ರೋ. ಬ್ಯಾಂಕಿಗೆ ಹೋಗೋ ಮೇಡಂ ಒಬ್ರು ಬಣ್ಣದ ಮಿಠಾಯಿ ಒಡೀತಿರ್ತಾರೆ, ಇನ್ಯಾರೋ ಮೇಷ್ಟ್ರು ಲೂಡೋ ಆಡ್ತಿರ್ತಾರೆ. ಪಕ್ಕದ ಸೀಟಿಗೆ ಗುರುತಿನೋರು ಬಂದು ಕೂತ್ರೆ ಮೊಬೈಲನ್ನ ಸ್ವಲ್ಪ ಓರೆ ಮಾಡ್ಕೋತಾರೆ. ಆ ಓರೆ ಮಾಡ್ಕೊಳ್ಳೋದನ್ನ ನೆನಪಲ್ಲಿಟ್ಕೊಳ್ಳಿ.

ಕಥೆಗೆ ಮುಂಚೆ ನಂದೊಂದು ತಪ್ಪು ಹೇಳ್ಕೋಬೇಕು. ಹೋದ ತಿಂಗಳು ಇದೇ ಪೇಜಲ್ಲಿ ಒಂದು ರೀಲ್ ಹಾಕಿದ್ದೆ. ನಮ್ಮಪ್ಪ ಊಟ ಆದ್ಮೇಲೆ ಹಳೇ ಬ್ರಿಕ್ ಗೇಮ್ ಹಿಡ್ಕೊಂಡು ನಾಲಿಗೆ ಕಚ್ಚಿಕೊಂಡು ಆಡ್ತಿದ್ದದ್ದು. ಹಿಂದೆ ಒಂದು ಕಾಮಿಡಿ ಹಾಡು. ನೀವೆಲ್ಲ ನಕ್ಕಿದ್ರಿ, ನಾನೂ ನಕ್ಕಿದ್ದೆ. ಅಪ್ಪ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೀತಾರೆ. ಅಲ್ಲಿ ಯಾರೋ ಅದನ್ನ ಅವರಿಗೇ ತೋರಿಸಿದ್ದಾರೆ. ಮನೆಗೆ ಬಂದು ನನಗೆ ಒಂದು ಮಾತೂ ಬೈಲಿಲ್ಲ. ಬ್ರಿಕ್ ಗೇಮನ್ನ ಬೀರುವಿನ ಮೇಲಿನ ಅರೆಯಲ್ಲಿ, ಬೆಡ್‌ಶೀಟ್ ಅಡಿ ಇಟ್ಟುಬಿಟ್ರು, ಅಷ್ಟೇ. ಬೈದಿದ್ರೆ ಚೆನ್ನಾಗಿತ್ತು. ರೀಲ್ ಅವತ್ತೇ ಡಿಲೀಟ್ ಮಾಡಿದೆ. ಆ ಸಂಕಟಕ್ಕೆ ಓದೋಕೆ ಕೂತಾಗ ಸಿಕ್ಕ ಇತಿಹಾಸ ಇದು.

(2/6)
1970ರ ದಶಕದ ಜಪಾನ್. ನಮ್ಮ ಬಿ.ಕಾಂ. ಬ್ಯಾಗಲ್ಲಿ ಯಾವಾಗಲೂ ಇರೋ ಕ್ಯಾಲ್ಕುಲೇಟರ್ ಇದೆಯಲ್ಲ, ಅದಕ್ಕೆ ಅಲ್ಲಿ ಆಗ ದೊಡ್ಡ ಬೆಲೆಯುದ್ಧ ನಡೀತಿತ್ತು. 1972ರಲ್ಲಿ ಕ್ಯಾಸಿಯೋ ಕಂಪನಿ ಕ್ಯಾಸಿಯೋ ಮಿನಿ ಅನ್ನೋ ಪುಟ್ಟ ಯಂತ್ರವನ್ನ 12,800 ಯೆನ್‌ಗೆ ಬಿಟ್ಟಿತು. ಮರುವರ್ಷ ಶಾರ್ಪ್ ಕಂಪನಿ ಎಲ್‌ಸಿಡಿ ಪರದೆ ಇರೋ ಜೇಬಿನ ಕ್ಯಾಲ್ಕುಲೇಟರ್ ತಂತು. ಬೆಲೆ ಇಳೀತಾ ಇಳೀತಾ ಆಫೀಸಿಗೆ ಹೋಗೋ ಪ್ರತಿಯೊಬ್ಬನ ಜೇಬಿಗೂ ಒಂದೊಂದು ಬಂತು.

ಅದೇ ಕಾಲಕ್ಕೆ ಕ್ಯೋಟೋದ ನಿಂಟೆಂಡೊ ಕಂಪನಿಯಲ್ಲಿ ಗುನ್‌ಪೇಯಿ ಯೊಕೊಯಿ ಅಂತ ಒಬ್ಬ ಇಂಜಿನಿಯರ್ ಇದ್ದ. ನಿಂಟೆಂಡೊ ಅಂದ್ರೆ ನಿಮಗೆ ಮಾರಿಯೋ ನೆನಪಾಗುತ್ತೆ, ಆದ್ರೆ ಅದು 1889ರಲ್ಲಿ ಶುರುವಾಗಿದ್ದು ಇಸ್ಪೀಟಿನ ಥರದ ಹೂವಿನ ಎಲೆ ಮಾಡೋ ಅಂಗಡಿಯಾಗಿ. ಯೊಕೊಯಿ 1965ರಲ್ಲಿ ಸೇರಿದ್ದೂ ಆ ಎಲೆ ಮಾಡೋ ಮಷೀನುಗಳನ್ನ ನೋಡ್ಕೊಳ್ಳೋಕೆ. ಕೆಲಸ ಕಮ್ಮಿ, ಬೇಜಾರು ಜಾಸ್ತಿ. ಸುಮ್ಮನೆ ಟೈಂಪಾಸಿಗೆ ಅಂತ ಒಂದು ಆಟಿಕೆ ಮಾಡ್ಕೊಂಡ. ಕತ್ತರಿ ಥರ ಚಾಚಿಕೊಂಡು ದೂರದ ವಸ್ತುವನ್ನ ಹಿಡಿಯೋ ಕೈ. ಕಂಪನಿಯ ಅಧ್ಯಕ್ಷ ಹಿರೋಶಿ ಯಮೌಚಿ ಕಣ್ಣಿಗೆ ಅದು ಬಿತ್ತು. ಕೆಲಸದ ಹೊತ್ತಲ್ಲಿ ಆಟ ಆಡ್ತಿದ್ದೀಯ ಅಂತ ಮನೆಗೆ ಕಳಿಸಬಹುದಿತ್ತು. ಬದಲಿಗೆ, ಇದನ್ನ ಮಾರೋ ಹಾಗೆ ಮಾಡು ಅಂದ. 1966ರಲ್ಲಿ ಅಲ್ಟ್ರಾ ಹ್ಯಾಂಡ್ ಅನ್ನೋ ಹೆಸರಲ್ಲಿ ಬಂದು ಹತ್ತು ಲಕ್ಷಕ್ಕೂ ಹೆಚ್ಚು ಖರ್ಚಾಯ್ತು. ಬೇಜಾರಿನ ಮೇಲೆ ಅವನ ಇಡೀ ಬದುಕು ನಿಂತಿತ್ತು ಅಂತ ನನಗನ್ನಿಸುತ್ತೆ.

(3/6)
ಈಗ ಮುಖ್ಯ ದೃಶ್ಯ. ಯೊಕೊಯಿ ಬುಲೆಟ್ ಟ್ರೈನಲ್ಲಿ ಮನೆಗೆ ಬರ್ತಿದ್ದ. ಆಫೀಸು ಮುಗಿಸಿ ಸುಸ್ತಾದ ಒಬ್ಬ ಉದ್ಯೋಗಸ್ಥ ಕ್ಯಾಲ್ಕುಲೇಟರ್ ತೆಗೆದು ಸುಮ್ಮನೆ ಬಟನ್ ಒತ್ತುತ್ತಾ ಕೂತಿದ್ದನ್ನ ನೋಡಿದ. ಲೆಕ್ಕ ಏನೂ ಇಲ್ಲ. ಕೈಗೊಂದು ಕೆಲಸ, ಮನಸ್ಸಿಗೊಂದು ಆಸರೆ. (ನಾವೂ ಬೋರಿಂಗ್ ಕ್ಲಾಸಲ್ಲಿ ಮಾಡಲ್ವಾ? ಒಂದು ಪ್ಲಸ್ ಒಂದು ಹಾಕಿ ಈಕ್ವಲ್ ಒತ್ತಿ, ಒತ್ತಿ, ಒತ್ತಿ ನೂರರವರೆಗೆ ಹೋಗೋದು.)

ಅವನಿಗೆ ಹೊಳೆದದ್ದು ಇದು: ದೊಡ್ಡವರಿಗೂ ಆಡೋ ಆಸೆ ಇರುತ್ತೆ, ಆದ್ರೆ ನಾಲ್ಕು ಜನರ ಎದುರು ನಾಚಿಕೆ. ಹಾಗಾದ್ರೆ ಆಟ ಕ್ಯಾಲ್ಕುಲೇಟರ್ ಸೈಜಿನಲ್ಲಿರಬೇಕು. ಕೈ ಎರಡೂ ತೊಡೆಯ ಮೇಲೆ ಸಹಜವಾಗಿ ಇರಬೇಕು, ಎರಡು ಹೆಬ್ಬೆರಳು ಮಾತ್ರ ಅಲ್ಲಾಡಬೇಕು, ಪಕ್ಕದವನಿಗೆ ಗೊತ್ತೇ ಆಗಬಾರದು. ಬಸ್ಸಲ್ಲಿ ಓರೆಯಾಗೋ ಮೊಬೈಲ್ ನೆನಪಾಯ್ತಾ?

ಈ ಐಡಿಯಾ ಮೇಲಕ್ಕೆ ಮುಟ್ಟಿದ ರೀತಿಯೂ ಸಿನಿಮಾ ಥರ ಇದೆ. ಯೊಕೊಯಿ ಮುಂದೆ ಹೇಳಿಕೊಂಡ ಪ್ರಕಾರ, ಒಂದಿನ ಅಧ್ಯಕ್ಷರ ಡ್ರೈವರ್ ಬಂದಿರಲಿಲ್ಲ. ಎಡಗಡೆ ಸ್ಟೀರಿಂಗ್ ಇರೋ ವಿದೇಶಿ ಕಾರು, ಓಡಿಸೋಕೆ ಬರ್ತಿದ್ದದ್ದು ಇವನಿಗೆ. ದಾರಿಯಲ್ಲಿ ಸುಮ್ಮನಿರೋಕಾಗದೆ ಈ ಪುಟ್ಟ ಆಟದ ವಿಷಯ ತೆಗೆದ. ಯಮೌಚಿ ಹೂಂ ಅಂತ ಕೇಳಿಕೊಂಡ, ಅಷ್ಟೇ. ಆದ್ರೆ ಆವತ್ತಿನ ಸಭೆಯಲ್ಲಿ ಅವನ ಪಕ್ಕ ಕೂತದ್ದು ಶಾರ್ಪ್ ಕಂಪನಿಯ ಅಧ್ಯಕ್ಷ! ಕೆಲವೇ ದಿನದಲ್ಲಿ ಶಾರ್ಪ್‌ನ ದೊಡ್ಡವರು ನಿಂಟೆಂಡೊ ಬಾಗಿಲಿಗೆ ಬಂದ್ರು.

1980ರ ಏಪ್ರಿಲ್ 28ರಂದು ಮೊದಲ ಗೇಮ್ ಆ್ಯಂಡ್ ವಾಚ್ ಬಂತು. ಹೆಸರು ಬಾಲ್, ಬೆಲೆ 5,800 ಯೆನ್. ಚೆಂಡುಗಳನ್ನ ಕೆಳಗೆ ಬೀಳಿಸದೆ ಎಸೆದು ಹಿಡಿಯೋ ಆಟ. ಆಡದಿದ್ದಾಗ ಅದು ಗಡಿಯಾರ. ಯಾರಾದ್ರೂ ಕೇಳಿದ್ರೆ "ಟೈಮ್ ನೋಡ್ತಿದ್ದೆ" ಅನ್ನಬಹುದು ನೋಡಿ!

ಕೆಲಸ ಮಾಡೋ ರೀತಿ ಹೇಳ್ತೀನಿ, ಮುಂದೆ ಬೇಕಾಗುತ್ತೆ. ಕ್ಯಾಲ್ಕುಲೇಟರಿನ 8 ಅನ್ನೋ ಅಂಕೆಯಲ್ಲಿ ಏಳು ಗೆರೆ ಇರುತ್ತೆ. ಬೇಕಾದ ಗೆರೆಗೆ ಕರೆಂಟ್ ಕೊಟ್ರೆ ಅದು ಕಪ್ಪಾಗುತ್ತೆ, ಹಾಗೆ ಎಲ್ಲಾ ಅಂಕೆಗಳೂ ಮೂಡುತ್ತೆ. ಯೊಕೊಯಿ ತಂಡ ಗೆರೆಯ ಜಾಗದಲ್ಲಿ ಮನುಷ್ಯನ ಕೈ, ಚೆಂಡು ಬರೆಸಿತು. ಚೆಂಡು ಹಾರೋದೇ ಇಲ್ಲ. ಮೊದಲೇ ಅಚ್ಚಾಗಿರೋ ಚೆಂಡುಗಳು ಒಂದಾದ ಮೇಲೆ ಒಂದು ಕಪ್ಪಾಗುತ್ತೆ, ಹಾರಿದ ಹಾಗೆ ನಮ್ಮ ಕಣ್ಣಿಗೆ ಕಾಣುತ್ತೆ.

ಇಂಥ ಆಟಗಳು ಮುಂದೆ ಹತ್ತಾರು ಬಂದು, ಜಗತ್ತಿನಾದ್ಯಂತ ಒಟ್ಟು 4 ಕೋಟಿ 34 ಲಕ್ಷ ಮಾರಾಟ ಆಯ್ತು.

(4/6)
ಯೊಕೊಯಿಯ ಒಂದು ಸಿದ್ಧಾಂತ ಇತ್ತು. ಬಾಡಿಹೋದ ತಂತ್ರಜ್ಞಾನ ತಗೋ, ಅದನ್ನ ಬೇರೆ ದಿಕ್ಕಿನಿಂದ ನೋಡು. ಅಂದ್ರೆ ಎಲ್ಲರೂ ಅರೆದು ಕುಡಿದು ಅಗ್ಗವಾಗಿರೋ ಹಳೇ ಭಾಗಗಳಿಂದ ಹೊಸ ಕೆಲಸ ತೆಗಿ. ಕಾಸ್ಟ್ ಅಕೌಂಟಿಂಗ್ ಪರೀಕ್ಷೆಗೆ ಕೂರೋ ಪ್ರತಿಯೊಬ್ಬರೂ ಇದನ್ನ ಗೋಡೆಗೆ ಅಂಟಿಸ್ಕೋಬೇಕು.

1989ರ ಏಪ್ರಿಲ್ 21ರಂದು ಅವನ ತಂಡದ ಗೇಮ್ ಬಾಯ್ ಬಂತು. 12,500 ಯೆನ್, ಕ್ಯಾಸಿಯೋ ಮಿನಿಗಿಂತ ಮುನ್ನೂರು ಕಮ್ಮಿ! ಪರದೆಗೆ ಬಣ್ಣ ಇಲ್ಲ, ಬೆಳಕಿಲ್ಲ, ಪಾಚಿ ಹಸಿರಲ್ಲಿ ನಾಲ್ಕು ಛಾಯೆ. ಅದೇ ವರ್ಷ ಅಟಾರಿ ಲಿಂಕ್ಸ್, ಮರುವರ್ಷ ಸೇಗಾ ಗೇಮ್ ಗೇರ್ ಬಂದವು. ಎರಡಕ್ಕೂ ಬಣ್ಣ, ಬೆಳಕು. ಆದ್ರೆ ಆರು ಸೆಲ್ ಹಾಕಿದ್ರೂ ನಾಲ್ಕೈದು ಗಂಟೆಗೆ ಖಾಲಿ. ಗೇಮ್ ಬಾಯ್ ನಾಲ್ಕೇ ಸೆಲ್ಲಿಗೆ ಹದಿನೈದು ಗಂಟೆ ಆಸುಪಾಸು ಓಡ್ತಿತ್ತು. ದಿನಕ್ಕೆ ಇಪ್ಪತ್ತು ನಿಮಿಷ ಸಿಗೋ ಕೆಲಸಸ್ಥನ ಲೆಕ್ಕ ಹಾಕಿ ನೋಡಿ. ಒಂದೂವರೆ ತಿಂಗಳು.

ಅಮೆರಿಕದಲ್ಲಿ ಅದರ ಜೊತೆಗೇ ಟೆಟ್ರಿಸ್ ಕೊಟ್ರು. ಅದನ್ನ 1984ರಲ್ಲಿ ಮಾಸ್ಕೋದಲ್ಲಿ ಬರೆದದ್ದು ಅಲೆಕ್ಸೇ ಪಜಿತ್ನೋವ್, ಅವನೂ ಸರ್ಕಾರಿ ಸಂಸ್ಥೆಯಲ್ಲಿ ಕೆಲಸದ ಮಧ್ಯೆ ಬರೆದದ್ದೇ. ಹೆಂಕ್ ರೋಜರ್ಸ್ ಅನ್ನೋ ವ್ಯಾಪಾರಿ ಮಾಸ್ಕೋಗೆ ಹೋಗಿ ಕೈಯಾಟದ ಹಕ್ಕು ತಂದ. ಗೇಮ್ ಬಾಯ್ ಹುಡುಗರಿಗೆ ಸಾಕು ಅಂದ್ರೆ ಮಾರಿಯೋ ಇಡಿ, ಎಲ್ಲರಿಗೂ ಬೇಕು ಅಂದ್ರೆ ಟೆಟ್ರಿಸ್ ಇಡಿ ಅನ್ನೋದು ಅವನ ವಾದ. ಅದು ನಿಜವಾಯ್ತು. ಅಪ್ಪಂದಿರು, ಅಮ್ಮಂದಿರು ಮಕ್ಕಳ ಕೈಯಿಂದ ಕಿತ್ಕೊಂಡು ಆಡಿದ್ರು. 1993ರಲ್ಲಿ ಅಲೆಕ್ಸಾಂಡರ್ ಸೆರೆಬ್ರೋವ್ ಅನ್ನೋ ರಷ್ಯದ ಗಗನಯಾತ್ರಿ ಮೀರ್ ಬಾಹ್ಯಾಕಾಶ ನಿಲ್ದಾಣಕ್ಕೇ ಒಂದನ್ನ ತಗೊಂಡು ಹೋದ. ಅವನಿಗಿಂತ ಬಿಜಿ ಮನುಷ್ಯ ಬೇಕಾ?

ಆಟ ಬರೆದ ಪಜಿತ್ನೋವ್‌ಗೆ ಮಾತ್ರ 1996ರವರೆಗೆ ರಾಯಲ್ಟಿ ಸಿಗಲಿಲ್ಲ.

(5/6)
ಯೊಕೊಯಿ 1996ರಲ್ಲಿ ನಿಂಟೆಂಡೊ ಬಿಟ್ಟು ಕೊಟೊ ಅಂತ ಸ್ವಂತ ಕಂಪನಿ ಮಾಡಿದ. 1997ರ ಅಕ್ಟೋಬರ್ 4ರಂದು ಹೆದ್ದಾರಿಯಲ್ಲಿ ಸಣ್ಣ ಅಪಘಾತ ಆಯ್ತು, ನೋಡೋಕೆ ಕಾರಿಂದ ಇಳಿದ, ಇನ್ನೊಂದು ಕಾರು ಬಂದು ಹೊಡೀತು. 56 ವರ್ಷ.

(6/6)
ನಮ್ಮೂರಿಗೆ ಗೇಮ್ ಬಾಯ್ ಬರಲೇ ಇಲ್ಲ. ಬಂದದ್ದು ಬ್ರಿಕ್ ಗೇಮ್. ಅದೇ, "9999 ಇನ್ 1" ಅಂತ ಬರೆದಿರುತ್ತಲ್ಲ, ಒಳಗೆ ನೋಡಿದ್ರೆ ಅದದೇ ಹತ್ತಾರು ಆಟ. ಅಡ್ಡ ಹತ್ತು, ಉದ್ದ ಇಪ್ಪತ್ತು ಚೌಕದ ಪರದೆ. ಆ ಚೌಕಗಳೂ ಮೊದಲೇ ಅಚ್ಚಾಗಿರೋವು. ಅಂದ್ರೆ ಕ್ಯಾಲ್ಕುಲೇಟರ್ ಪರದೆಯ ಮೇಲೆ ಮಾಸ್ಕೋದ ಆಟ. ಯೊಕೊಯಿಯ ಬಾಡಿದ ತಂತ್ರಜ್ಞಾನ ಯಾರ ಹಂಗೂ ಇಲ್ಲದೆ ಸಾಗರದ ಮಾರಿಜಾತ್ರೆ ಅಂಗಡಿಗೆ ಬಂದು ನೇತುಬಿದ್ದಿತ್ತು. ಅಪ್ಪ ಅಲ್ಲೇ ಚೌಕಾಸಿ ಮಾಡಿ ತಗೊಂಡದ್ದು. ಆಗ ಅವರಿಗೆ ಹೊಸದಾಗಿ ಕೆಲಸ, ನಾನಿನ್ನೂ ಹುಟ್ಟಿರಲಿಲ್ಲ.

ಇದನ್ನೆಲ್ಲ ಓದಿದ ಮೇಲೆ ಅಪ್ಪನ ದಿನ ಬೇರೆ ಥರ ಕಂಡಿತು. ಒಂಬತ್ತಕ್ಕೆ ಮಂಡಿ, ಕಿರ್ದಿ, ಖಾತೆ, ತೂಕದ ಚೀಟಿ, ಸಂಜೆ ಟ್ಯಾಲಿ. ದಿನಪೂರ್ತಿ ಕ್ಯಾಲ್ಕುಲೇಟರ್ ಒತ್ತೋ ಬೆರಳು, ಬೇರೆಯವರ ದುಡ್ಡಿನ ಲೆಕ್ಕ. ಊಟ ಆದ್ಮೇಲಿನ ಹದಿನೈದು ನಿಮಿಷದ ಲೆಕ್ಕ ಮಾತ್ರ ಅವರದ್ದು. ಅದನ್ನ ನಾನು ತೆಗೆದು ಸಾವಿರ ಜನಕ್ಕೆ ತೋರಿಸಿದ್ದೆ.

ಹೋದ ಭಾನುವಾರ ಬೀರುವಿಂದ ಅದನ್ನ ಇಳಿಸಿದೆ. ಹಳೇ ಸೆಲ್ ಸೋರಿ ಸ್ಪ್ರಿಂಗಿಗೆ ಹಸಿರು ಹಿಡಿದಿತ್ತು. ನಿಂಬೆಹಣ್ಣು ಹಚ್ಚಿ ತಿಕ್ಕಿ, ಎರಡು ಹೊಸ ಸೆಲ್ ಹಾಕಿ, ಅವರ ಕ್ಯಾಲ್ಕುಲೇಟರ್ ಪಕ್ಕ ಇಟ್ಟೆ. "ಅಪ್ಪ, ಸಾರಿ" ಅಂತ ಹೇಳೋಕೆ ಬಾಯಿ ಬರಲಿಲ್ಲ. ಎರಡು ದಿನ ಅದು ಇಟ್ಟಲ್ಲೇ ಇತ್ತು.

ನಿನ್ನೆ ರಾತ್ರಿ ನೀರು ಕುಡಿಯೋಕೆ ಎದ್ದೆ. ಹಾಲಲ್ಲಿ ಲೈಟ್ ಉರೀತಿತ್ತು. ಸೌಂಡ್ ಆಫ್ ಮಾಡಿಕೊಂಡು ಆಡ್ತಿದ್ರು, ಬಟನ್ ಸದ್ದು ಮಾತ್ರ ಟಕ್ ಟಕ್ ಅಂತಿತ್ತು. ನನ್ನ ನೋಡಿ ಓರೆ ಮಾಡ್ಕೊಳ್ಳಲಿಲ್ಲ. "ಆ ಉದ್ದ ಕೋಲು ಬರ್ತಾನೇ ಇಲ್ಲ ಮಾರಾಯ" ಅಂದ್ರು. ಪಕ್ಕ ಕೂತೆ.

ಈ ಸಲ ಫೋಟೋ ಇಲ್ಲ. ನಿಮ್ಮ ಮನೇಲಿ ಬ್ರಿಕ್ ಗೇಮ್ ಇದ್ರೆ, ಅದನ್ನ ಆಡ್ತಿದ್ದೋರು ಯಾರು ಅಂತ ಅವರನ್ನ ಕೇಳಿ, ಅವರು ಒಪ್ಪಿದ್ರೆ ಮಾತ್ರ ಕಾಮೆಂಟಲ್ಲಿ ಬರೀರಿ. ಮುಂದಿನ ವಾರ ನೋಕಿಯಾ ಫೋನಿನ ಹಾವು.